ಕಾಯುವ ಕೆಲಸ

ನಮ್ಮ ಸಭೆಯ ಮಕ್ಕಳಿಗೆ ಬೆಳೆ ಹಬ್ಬ ಅಂದರೆ ಕ್ರಿಸ್‌ಮಸ್‌ಗಿಂತ ಒಂದು ಕೈ ಮೇಲೆ. ಉಡುಪಿ ಕಡೆಯ ಸಣ್ಣ ಕ್ರೈಸ್ತ ಸಭೆ ಅದು. ಹಿಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನದು, ಈಗ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ. ಆ ದಿನ ಪ್ರತಿ ಮನೆಯವರೂ ತಾವು ಬೆಳೆದದ್ದನ್ನು ಚರ್ಚಿಗೆ ತರುತ್ತಾರೆ. ಬೂದುಗುಂಬಳ, ಸೌತೆ, ಬಾಳೆಗೊನೆ, ತೆಂಗಿನಕಾಯಿ, ಹರಿವೆ ಸೊಪ್ಪಿನ ಕಟ್ಟು, ಮೊಟ್ಟೆ. ಎಲ್ಲವನ್ನೂ ಮುಂದೆ ಜೋಡಿಸಿಟ್ಟು ಆರಾಧನೆ ನಡೆಯುತ್ತದೆ. ಆಮೇಲೆ ಅಂಗಳದಲ್ಲಿ ಏಲಂ. ಐವತ್ತು ರೂಪಾಯಿಯ ಕುಂಬಳಕಾಯಿ ಐನೂರಕ್ಕೆ ಹೋಗುತ್ತದೆ. ಯಾರಿಗೂ ಬೇಸರವಿಲ್ಲ, ಆ ದುಡ್ಡು ಸಭೆಗೆ.

ನನಗೆ ಎಂಟು ವರ್ಷವಾಗಿದ್ದಾಗ ಒಬ್ಬರು ಹೇಂಟೆ ತಂದಿದ್ದರು. ಕಾಲು ಎರಡನ್ನೂ ಬಾಳೆನಾರಿನಲ್ಲಿ ಬಿಗಿದು, ಮೆಟ್ಟಿಲ ಪಕ್ಕ ಬಿಸಿಲಲ್ಲಿ ಮಲಗಿಸಿದ್ದರು. ನಾನು ಕೂತಿದ್ದು ಕಿಟಕಿಯ ಹತ್ತಿರ. ಒಳಗೆ ನಾವೆಲ್ಲ ಸೃಷ್ಟಿಗಾಗಿ ಸ್ತೋತ್ರ ಹಾಡುತ್ತಿದ್ದೆವು. ಹೊರಗೆ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಏಲಂ ಶುರುವಾದ ಮೇಲೆ ಕೂಗುವವರು ಅದರ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು. ಬೆಲೆ ಏರಿದ ಹಾಗೆ ಇನ್ನೂ ಎತ್ತರಕ್ಕೆ ಎತ್ತಿದರು. ಜನ ನಗುತ್ತಿದ್ದರು. ನಾನೂ ನಕ್ಕೆ.

ಕೊನೆಗೆ ಅದನ್ನು ಹಿಡಿದದ್ದು ನನ್ನ ಅಜ್ಜ. ಮನೆ ತಲುಪಿದವರು ಚರ್ಚಿನ ಅಂಗಿ ಕೂಡ ಬಿಚ್ಚಲಿಲ್ಲ. ಜಗಲಿಯಲ್ಲೇ ಕೂತು ನಾರು ಕೊಯ್ದರು. ಕೋಳಿಗೆ ನಿಲ್ಲಲು ಆಗಲಿಲ್ಲ. ಗೆರಟೆಯಲ್ಲಿ ನೀರು ತರಿಸಿ, ಅದರ ಕೊಕ್ಕನ್ನು ಮೆಲ್ಲಗೆ ಅದ್ದಿದರು. ತುಳುವಿನಲ್ಲಿ ಒಂದೇ ಮಾತು ಹೇಳಿದರು: "ದೇವರಿಗೆ ಅಂತ ಕೊಟ್ಟದ್ದಲ್ವಾ ಮಗಾ, ಹೀಗಾ ಹಿಡಿಯೋದು?"

ಆ ಹೇಂಟೆ ನಮ್ಮಲ್ಲಿ ಬಹಳ ದಿನ ಮೊಟ್ಟೆ ಇಟ್ಟಿತು. ಆಮೇಲೆ ಒಂದು ದಿನ ಸಾರಾಯಿತು. ಇದನ್ನು ಮುಚ್ಚಿಡಬೇಕು ಅಂತ ನನಗೆ ಅನಿಸುವುದಿಲ್ಲ. ಅಜ್ಜ ಕೋಳಿ ತಿನ್ನುತ್ತಿದ್ದರು. ಆದರೆ ಕೋಳಿಯನ್ನು ಹಿಂಸಿಸುತ್ತಿರಲಿಲ್ಲ. ಈ ಎರಡು ಮಾತು ಒಬ್ಬ ಮನುಷ್ಯನಲ್ಲಿ ಹೇಗೆ ಒಟ್ಟಿಗೆ ಇದ್ದವು ಅಂತ ನಾನು ಈಗಲೂ ಯೋಚಿಸುತ್ತೇನೆ.

ಅಜ್ಜನ ಹಟ್ಟಿಯಲ್ಲಿ ಎರಡು ದನ ಇದ್ದವು. ಬೆಳಗ್ಗೆ ಅಕ್ಕಚ್ಚು ಕೊಟ್ಟು ಗುಡ್ಡೆಗೆ ಬಿಡುವುದು, ಸಂಜೆ ಹೊಡೆದುಕೊಂಡು ಬರುವುದು. ರಜೆಯಲ್ಲಿ ಅದು ನನ್ನ ಕೆಲಸ. ಶಾಲೆಯಲ್ಲಿ ಲೆಕ್ಕ ತಪ್ಪಾದರೆ ಮೇಷ್ಟ್ರು ಬೈಯುತ್ತಿದ್ದುದೂ ಇದನ್ನೇ ಹೇಳಿ. "ನೀನು ದನ ಕಾಯೋಕೆ ಲಾಯಕ್ಕು." ಕನ್ನಡದಲ್ಲಿ ಓದಿದ ಎಲ್ಲರೂ ಈ ಬೈಗುಳ ಕೇಳಿರುತ್ತೀರಿ. ಯಾವ ಕೆಲಸಕ್ಕೂ ಬಾರದವನಿಗೆ ಉಳಿದಿರುವ ಕೆಲಸ ದನ ಕಾಯುವುದು, ಅಂತ ಅದರ ಅರ್ಥ.

ಬಹಳ ವರ್ಷಗಳ ನಂತರ, ಅಜ್ಜ ತೀರಿಕೊಂಡ ಮೇಲೆ, ಅವರ ಹಳೆಯ ಸತ್ಯವೇದ, ಅಂದರೆ ಬೈಬಲ್, ನನ್ನ ಕೈಗೆ ಬಂತು. ಅದರ ಮೊದಲ ಪುಸ್ತಕವಾದ ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ಒಂದು ಕಡೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ಯಾಕೆ? ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಕಾಯುವುದಕ್ಕೂ ಅನ್ನುವ ಪದದ ಕೆಳಗೆ ಗೆರೆ ಎರಡು ಸಲ ಎಳೆದಿತ್ತು.

ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತೆ. ಮೇಷ್ಟ್ರು ಯಾವ ಕೆಲಸದ ಹೆಸರು ಹೇಳಿ ಬೈದರೋ, ದೇವರು ಮನುಷ್ಯನಿಗೆ ಕೊಟ್ಟ ಮೊದಲ ಕೆಲಸ ಅದೇ.

ಆದರೆ ನಾನು ಚರ್ಚಿನಲ್ಲಿ ಹೆಚ್ಚು ಕೇಳಿದ ವಚನ ಇದಲ್ಲ. ಒಂದು ಪುಟ ಹಿಂದಿನದು. ಮನುಷ್ಯರು ಸಮುದ್ರದ ಮೀನುಗಳ ಮೇಲೆ, ಆಕಾಶದ ಹಕ್ಕಿಗಳ ಮೇಲೆ, ಪಶುಗಳ ಮೇಲೆ ದೊರೆತನ ಮಾಡಲಿ ಅನ್ನುವ ವಚನ. ದೊರೆತನ! ಆ ಪದ ಕಿವಿಗೆ ಬಿದ್ದ ಕೂಡಲೇ ಸಿಂಹಾಸನ ನೆನಪಾಗುತ್ತದೆ. ನಾವು ಮೇಲೆ, ಉಳಿದವೆಲ್ಲ ಕೆಳಗೆ. ನಮಗಾಗಿಯೇ ಮಾಡಿದ್ದು, ಬೇಕಾದ ಹಾಗೆ ಬಳಸಬಹುದು. ಎಷ್ಟೋ ಕ್ರೈಸ್ತರು ಹೀಗೇ ನಂಬಿ ಬದುಕಿದ್ದಾರೆ.

1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಇವತ್ತಿನ ಪರಿಸರದ ಬಿಕ್ಕಟ್ಟಿನ ಬೇರು ಪಶ್ಚಿಮದ ಕ್ರೈಸ್ತ ಚಿಂತನೆಯಲ್ಲಿದೆ, ಅದು ಮನುಷ್ಯನನ್ನೇ ನಡುವೆ ಕೂರಿಸಿತು ಎಂದರು. ವೈಟ್ ಹೊರಗಿನವರಲ್ಲ, ಅವರೂ ಕ್ರೈಸ್ತರೇ. ಈ ಲೇಖನದ ಬಗ್ಗೆ ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ನಮ್ಮ ಮನೆಯ ಮಾಡು ನೋಡಿದೆ.

ನಮ್ಮದು ಹಂಚಿನ ಮನೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆಯಿತು. ಶುರು ಮಾಡಿದವರು ಜಾರ್ಜ್ ಪ್ಲೆಬ್ಸ್ಟ್. ಹೊಸದಾಗಿ ಕ್ರೈಸ್ತರಾಗಿ, ಜಾತಿಯನ್ನೂ ಕುಲಕಸುಬನ್ನೂ ಕಳೆದುಕೊಂಡ ನಮ್ಮ ಹಿರಿಯರಿಗೆ ಅದು ಅನ್ನ ಕೊಟ್ಟಿತು. ನನ್ನ ಮುತ್ತಜ್ಜ ಅಂಥದೇ ಒಂದು ಕಾರ್ಖಾನೆಯಲ್ಲಿ ದುಡಿದವರು. ಆ ಋಣ ದೊಡ್ಡದು. ಆದರೆ ಜೇಡಿಮಣ್ಣು ಬಂದದ್ದು ನದಿ ದಡದ ನೆಲದಿಂದ. ಭಟ್ಟಿಗೆ ಬೇಕಾದ ಸೌದೆ ಬಂದದ್ದು ಕಾಡಿನಿಂದ. ಒಂದಾದ ಮೇಲೆ ಒಂದು ಕಾರ್ಖಾನೆ ಎದ್ದಿತು. ಎಲ್ಲಕ್ಕೂ ಮಣ್ಣು ಬೇಕಾಯಿತು, ಎಲ್ಲಕ್ಕೂ ಸೌದೆ ಬೇಕಾಯಿತು. ನನಗೆ ನೆರಳು ಕೊಟ್ಟ ಮಾಡಿಗಾಗಿ ಎಲ್ಲೋ ಯಾವುದೋ ಮರ ಉರಿದಿದೆ. ವೈಟ್ ಮಾತನ್ನು ಸುಮ್ನೆ ತಳ್ಳಿಹಾಕಲು ಆಮೇಲೆ ನನಗೆ ಮನಸ್ಸು ಬರಲಿಲ್ಲ.

ಹಾಗಂತ ಅವರು ಹೇಳಿದ್ದೇ ಕೊನೆಯ ಮಾತು ಅಂತಲೂ ನಾನು ಒಪ್ಪುವುದಿಲ್ಲ. ದೊರೆ ಅಂದರೆ ಎಂಥ ದೊರೆ? ಸತ್ಯವೇದವೇ ಇದಕ್ಕೆ ಉತ್ತರ ಕೊಡುತ್ತದೆ. ಎಪ್ಪತ್ತೆರಡನೇ ಕೀರ್ತನೆಯಲ್ಲಿ ಒಳ್ಳೆಯ ರಾಜನಿಗಾಗಿ ಪ್ರಾರ್ಥನೆ ಇದೆ. ಆದಿಕಾಂಡದಲ್ಲಿ ದೊರೆತನಕ್ಕೆ ಬಳಸಿದ ಹೀಬ್ರೂ ಪದವೇ ಅಲ್ಲೂ ಬರುತ್ತದೆ. ಆ ರಾಜ ಮಾಡುವುದೇನು? ಮೊರೆಯಿಡುವ ಬಡವರನ್ನು ಬಿಡಿಸುತ್ತಾನೆ. ದಿಕ್ಕಿಲ್ಲದವರ ಪ್ರಾಣ ಅವನ ಕಣ್ಣಿಗೆ ಅಮೂಲ್ಯ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ ಮೂವತ್ತನಾಲ್ಕನೇ ಅಧ್ಯಾಯದಲ್ಲಿ ಅದೇ ಪದ ಬೈಗುಳವಾಗಿ ಬರುತ್ತದೆ. ಅಲ್ಲಿ ದೇವರು ಕುರುಬರ ಮೇಲೆ ಸಿಟ್ಟಾಗಿದ್ದಾನೆ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಕುರಿ ಮಾತ್ರ ಮೇಯಿಸಲಿಲ್ಲ, ಅವುಗಳ ಮೇಲೆ ಕ್ರೂರವಾಗಿ ದೊರೆತನ ಮಾಡಿದಿರಿ ಅನ್ನುತ್ತಾನೆ. ಸ್ವಲ್ಪ ಮುಂದೆ ಇನ್ನೊಂದು ಮಾತಿದೆ. ನೀವು ಒಳ್ಳೆಯ ಮೇವು ಮೇಯ್ದದ್ದು ಸಾಲದು ಅಂತ ಉಳಿದ ಮೇವನ್ನು ತುಳಿಯಬೇಕೇ? ತಿಳಿನೀರು ಕುಡಿದದ್ದು ಸಾಲದು ಅಂತ ಮಿಕ್ಕದ್ದನ್ನು ಕದಡಬೇಕೇ? ಅಲ್ಲಿ ಅದು ಜನರ ನಡುವಿನ ಅನ್ಯಾಯದ ಬಗ್ಗೆ ಹೇಳಿದ್ದು. ಆದರೂ ಕಾರ್ಖಾನೆಯ ಕೊಳಚೆ ಸೇರುವ ಯಾವುದೇ ಹೊಳೆಯ ಹತ್ತಿರ ನಿಂತರೆ ನನಗೆ ಈ ವಚನವೇ ನೆನಪಾಗುತ್ತದೆ.

ಮತ್ತೆ ಆ ಕಾಯುವ ಪದಕ್ಕೆ ಬರುತ್ತೇನೆ. ಹೀಬ್ರೂವಿನಲ್ಲಿ ಅದು ಶಮರ್. ಜೊತೆಗಿರುವ ವ್ಯವಸಾಯ ಮಾಡು ಅನ್ನುವುದು ಅವದ್. ಅವದ್ ಅಂದರೆ ದುಡಿ ಅಂತಲೂ ಹೌದು, ಸೇವೆ ಮಾಡು ಅಂತಲೂ ಹೌದು. ದೇವರ ಸೇವೆಗೂ ಅದೇ ಪದ. ಹಾಗಾದರೆ ತೋಟ ಮನುಷ್ಯನ ಸೇವೆಗಷ್ಟೇ ಇರಲಿಲ್ಲ, ಮನುಷ್ಯನೂ ತೋಟದ ಸೇವೆಗೆ ಇದ್ದ.

ಶಮರ್ ಆದಿಕಾಂಡದ ನಾಲ್ಕನೇ ಅಧ್ಯಾಯದಲ್ಲೂ ಬರುತ್ತದೆ. ತಮ್ಮನನ್ನು ಕೊಂದ ಕಾಯಿನನನ್ನು ದೇವರು ಹೇಬೆಲ ಎಲ್ಲಿ ಅಂತ ಕೇಳುತ್ತಾನೆ. ಅವನು ತಿರುಗಿ ಕೇಳುತ್ತಾನೆ, ನನ್ನ ತಮ್ಮನನ್ನು ಕಾಯುವವನು ನಾನೋ? ತೋಟ ಕಾಯುವುದಕ್ಕೆ ಇದ್ದ ಪದವೇ ತಮ್ಮನನ್ನು ಕಾಯುವುದಕ್ಕೂ. ಅಲ್ಲಿ ಸತ್ತವನು ಕುರಿ ಕಾಯುತ್ತಿದ್ದವನು. ತಮ್ಮನ ರಕ್ತ ಕೂಗುವುದು ಎಲ್ಲಿಂದ? ನೆಲದಿಂದ. ಮುಂದೆ ಆ ನೆಲ ಕಾಯಿನನಿಗೆ ಫಲ ಕೊಡುವುದಿಲ್ಲ. ಜನರಿಗೆ ಮಾಡಿದ ಕೇಡು ಮಣ್ಣಿಗೂ ತಟ್ಟುತ್ತದೆ ಅಂತ ಅಷ್ಟು ಹಿಂದೆಯೇ ಯಾರೋ ಕಂಡುಕೊಂಡಿದ್ದರು.

ಮತ್ತೊಂದು ಕಡೆ ನೂರಿಪ್ಪತ್ತೊಂದನೇ ಕೀರ್ತನೆ. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ದೂರ ಪ್ರಯಾಣ ಹೊರಟರೆ ಅಜ್ಜಿ ಓದುತ್ತಿದ್ದ ಕೀರ್ತನೆ ಅದು. ಎಂಟೇ ವಚನಗಳಲ್ಲಿ ಶಮರ್ ಆರು ಸಲ ಬರುತ್ತದೆ. ಅಂದರೆ ದೇವರು ನಮಗೆ ಮಾಡುವುದೂ ಅದೇ ಕೆಲಸ. ದನದ ಹಿಂದೆ ಗುಡ್ಡೆಗೆ ಹೋದ ಯಾರಿಗಾದರೂ ಇದು ತಟ್ಟನೆ ಅರ್ಥವಾಗುತ್ತದೆ. ಕಾಯುವವನು ತೂಕಡಿಸಿದರೆ ದನ ಯಾರದೋ ಗದ್ದೆಗೆ ನುಗ್ಗಿರುತ್ತದೆ.

ದನ ಕಾಯುವುದು, ಗದ್ದೆ ಕಾಯುವುದು, ದಾರಿ ಕಾಯುವುದು. ಕನ್ನಡದಲ್ಲಿ ಒಂದೇ ಪದದಲ್ಲಿ ಕಾವಲು ಇದೆ, ತಾಳ್ಮೆಯೂ ಇದೆ. ಆ ವಚನಕ್ಕೆ ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲಾದರೂ ಇದ್ದೀತೋ ನನಗೆ ಅನುಮಾನ.

ಅಜ್ಜ ಗೆರೆ ಎಳೆದಿದ್ದ ಇನ್ನೂ ಕೆಲವು ವಚನಗಳಿವೆ. ಹೆಚ್ಚಿನವು ಯಾರೂ ಪ್ರಸಂಗ ಮಾಡದ ಧರ್ಮೋಪದೇಶಕಾಂಡದಲ್ಲಿ. ಗೂಡಿನಲ್ಲಿ ಹಕ್ಕಿ ಮರಿಗಳ ಜೊತೆ ಕೂತಿದ್ದರೆ ತಾಯಿಯನ್ನು ಹಿಡಿಯಬೇಡ. ಊರಿಗೆ ಮುತ್ತಿಗೆ ಹಾಕಿದರೂ ಹಣ್ಣಿನ ಮರ ಕಡಿಯಬೇಡ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು. ನಮ್ಮ ಕಡೆ ಎತ್ತು ಕಟ್ಟಿ ಕಣ ತುಳಿಸುವುದಿಲ್ಲ, ಪಡಿಮಂಚಕ್ಕೆ ಪೈರು ಬಡಿಯುವುದು. ಕಣ ತುಳಿಸುವುದನ್ನು ನಾನು ಮೊದಲು ನೋಡಿದ್ದು ಘಟ್ಟದ ಮೇಲೆ, ಗೆಳೆಯನ ಊರಿನಲ್ಲಿ. ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದ್ದರು. ಕಾಲಡಿಯಲ್ಲಿ ರಾಶಿ ರಾಶಿ ಕಾಳು, ಮೂಗಿಗೆ ಅದರ ವಾಸನೆ, ಬಾಯಿ ಮಾತ್ರ ಬಂದ್. ಆ ವಚನ ಬರೆದವರು ಎತ್ತಿನ ಮುಖವನ್ನು ಹತ್ತಿರದಿಂದ ನೋಡಿದ್ದರು ಅಂತ ಆವತ್ತು ಗೊತ್ತಾಯಿತು.

ವಿಮೋಚನಕಾಂಡದಲ್ಲಿ ವಾರಕ್ಕೊಂದು ದಿನದ ವಿಶ್ರಾಂತಿಯ, ಅಂದರೆ ಸಬ್ಬತ್ತಿನ, ಮಾತು ಬರುತ್ತದೆ. ಒಂದು ಕಡೆ ಅದಕ್ಕೆ ಕಾರಣ ಕೊಟ್ಟಿದೆ. ನಿನ್ನ ಎತ್ತಿಗೂ ಕತ್ತೆಗೂ ವಿಶ್ರಾಂತಿ ಸಿಗಲಿ ಅಂತ. ಎತ್ತು, ಕತ್ತೆ ಮೊದಲು, ಆಮೇಲೆ ಕೆಲಸದವರ ಮಾತು. ಯಾಜಕಕಾಂಡದಲ್ಲಿ ಭೂಮಿಗೂ ಏಳು ವರ್ಷಕ್ಕೊಮ್ಮೆ ಒಂದು ವರ್ಷದ ಬಿಡುವು. ನಮ್ಮ ಕರಾವಳಿಯಲ್ಲಿ ಇದಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಅದು ಮಳೆಗಾಲದ ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದು ಸರಕಾರದ ನಿಯಮ, ಧರ್ಮದ್ದಲ್ಲ. ಆದರೂ ಆ ದಿನಗಳಲ್ಲಿ ಮಲ್ಪೆ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಬೋಟುಗಳನ್ನು ನೋಡಿದರೆ ನನಗೆ ಸಬ್ಬತ್ತೇ ಕಾಣುತ್ತದೆ. ಮೀನು ಮರಿ ಹಾಕಲಿ, ಕಡಲು ಉಸಿರು ತೆಗೆದುಕೊಳ್ಳಲಿ.

ಯೋನನ ಪುಸ್ತಕ ಮುಗಿಯುವ ಬಗೆ ನನಗೆ ತುಂಬಾ ಇಷ್ಟ. ದೊಡ್ಡ ಮೀನಿನ ಕಥೆ ಎಲ್ಲರಿಗೂ ಗೊತ್ತು, ಕೊನೆಯ ಸಾಲು ಹೆಚ್ಚು ಜನರಿಗೆ ನೆನಪಿಲ್ಲ. ನಿನೆವೆ ಪಟ್ಟಣ ಹಾಳಾಗಲಿಲ್ಲ ಅಂತ ಯೋನ ಮುನಿಸಿಕೊಂಡು ಕೂತಿದ್ದಾನೆ. ದೇವರು ಕೇಳುತ್ತಾನೆ, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ಬಹಳ ದನಕರುಗಳೂ ಇವೆ, ನಾನು ಮರುಗಬಾರದೋ? ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಕೊನೆಯ ಮಾತು ದನಗಳದ್ದು.

ಇದೆಲ್ಲ ಓದಿದರೆ ಕ್ರೈಸ್ತರೆಲ್ಲ ಪ್ರಾಣಿಗಳನ್ನು ಕಾಯುವವರೇ ಆಗಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಅದಕ್ಕೂ ಸತ್ಯವೇದದಲ್ಲೇ ಎಡೆ ಸಿಕ್ಕಿತು. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಪತ್ರ ಬರೆಯುವಾಗ ಅದೇ ಎತ್ತಿನ ವಚನ ಎತ್ತಿಕೊಂಡು, ದೇವರಿಗೆ ಎತ್ತುಗಳ ಚಿಂತೆಯೋ, ಇದನ್ನು ಹೇಳಿದ್ದು ನಮಗಾಗಿಯೇ ಅಲ್ಲವೋ ಅಂತ ಕೇಳುತ್ತಾನೆ. ಅವನು ಹೇಳಹೊರಟದ್ದು ದುಡಿದವರಿಗೆ ಕೂಲಿ ಸಿಗಬೇಕು ಅಂತ. ನ್ಯಾಯದ ಮಾತೇ. ಆದರೆ ಅದನ್ನು ಓದುವಾಗಲೆಲ್ಲ ನನಗೆ ಕುಕ್ಕೆ ಕಟ್ಟಿದ ಆ ಎತ್ತು ಕಾಣುತ್ತದೆ, ಮನಸ್ಸು ಕಸಿವಿಸಿಯಾಗುತ್ತದೆ. ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಪ್ರಾಣಿ ಹಿಂಸೆ ಬೇಡ ಅಂದರು. ಆದರೆ ಅವರು ಕೊಟ್ಟ ಮುಖ್ಯ ಕಾರಣ, ಪ್ರಾಣಿಗೆ ಹಿಂಸೆ ಕೊಟ್ಟು ಅಭ್ಯಾಸವಾದವನು ಮನುಷ್ಯರಿಗೂ ಕೊಡುತ್ತಾನೆ ಅಂತ. ನೋವು ತಿಂದ ಪ್ರಾಣಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನಾನು ಯೇಸುವಿನ ಮಾತನ್ನು ಹಿಡಿದುಕೊಳ್ಳುತ್ತೇನೆ. ಎರಡು ಕಾಸಿಗೆ ಐದು ಗುಬ್ಬಿ ಮಾರುತ್ತಾರಲ್ಲ, ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ. ಇದು ಲೂಕನ ಸುವಾರ್ತೆಯಲ್ಲಿ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೆಕ್ಕ ಹಾಕಿ ನೋಡಿ. ಎರಡು ಕಾಸಿಗೆ ನಾಲ್ಕು ಬರಬೇಕು, ಐದನೆಯದು ಕೊಸರು. ಬೆಲೆಯೇ ಇಲ್ಲದ ಆ ಐದನೇ ಗುಬ್ಬಿಯೂ ದೇವರ ನೆನಪಿನಲ್ಲಿದೆ. ನೀವು ಬಹಳ ಗುಬ್ಬಿಗಳಿಗಿಂತ ಹೆಚ್ಚಿನವರು ಅಂತಲೂ ಯೇಸು ಹೇಳುತ್ತಾನೆ, ನಿಜ. ಆದರೆ ಹೆಚ್ಚಿನವರು ಅಂದ ಮಾತ್ರಕ್ಕೆ ಗುಬ್ಬಿ ಏನೂ ಅಲ್ಲ ಅಂತ ಆಗುವುದಿಲ್ಲ.

ಈ ಮಾತನ್ನು ಬದುಕಿಗೆ ತಂದುಕೊಂಡವರೂ ಇದ್ದರು. ಹಕ್ಕಿ, ಪ್ರಾಣಿಗಳನ್ನು ಒಡಹುಟ್ಟಿದವರಂತೆ ಕಂಡ ಇಟಲಿಯ ಸಂತ, ಅಸ್ಸಿಸಿಯ ಫ್ರಾನ್ಸಿಸ್ ಬಗ್ಗೆ ಹೆಚ್ಚಿನವರಿಗೆ ಗೊತ್ತು. ಪರಿಸರದ ಬಗ್ಗೆ ದುಡಿಯುವವರಿಗೆ ಅವರು ಪಾಲಕ ಸಂತರಾಗಲಿ ಅಂತ ಕೇಳಿದ್ದು ಅದೇ ಲಿನ್ ವೈಟ್, ಅದೇ ಲೇಖನದಲ್ಲಿ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ 'ಲಾವ್ದಾತೋ ಸಿ' ಪತ್ರಕ್ಕೆ ಹೆಸರು ಬಂದದ್ದೂ ಆ ಸಂತರ ಹಾಡಿನಿಂದಲೇ. ಅದರಲ್ಲಿ ದೊರೆತನವನ್ನು ತಪ್ಪಾಗಿ ಓದಿದ್ದೇವೆ ಅನ್ನುವ ಒಪ್ಪಿಗೆ ಇದೆ, ವ್ಯವಸಾಯ ಮಾಡುವ ಮತ್ತು ಕಾಯುವ ವಚನವೂ ಇದೆ. ನಾನು ಕ್ಯಾಥೊಲಿಕ್ ಅಲ್ಲ. ಆದರೂ ಆ ಪುಟದಲ್ಲಿ ನನಗೆ ಅಜ್ಜನ ಪೆನ್ಸಿಲ್ ಗೆರೆ ಕಂಡಿತು.

ನನಗೆ ಇನ್ನೂ ಹತ್ತಿರವಾದವರು ಆರ್ಥರ್ ಬ್ರೂಮ್. ಲಂಡನ್ನಿನ ಒಬ್ಬ ಆಂಗ್ಲಿಕನ್ ಪಾದ್ರಿ. 1822ರಲ್ಲಿ ರಿಚರ್ಡ್ ಮಾರ್ಟಿನ್ ಅನ್ನುವ ಸಂಸದರು ದನಕರುಗಳನ್ನು ಹಿಂಸಿಸುವುದರ ವಿರುದ್ಧ ಕಾನೂನು ತಂದಿದ್ದರು. ಕಾನೂನೇನೋ ಬಂತು, ಜಾರಿ ಮಾಡುವವರು ಬೇಕಲ್ಲ? 1824ರ ಜೂನ್ 16ರಂದು ಒಂದು ಕಾಫಿ ಹೌಸ್‌ನಲ್ಲಿ ಬ್ರೂಮ್ ಸಭೆ ಕರೆದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಕೂಡ ಜೊತೆಗಿದ್ದರು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಸಂಘ ಆವತ್ತು ಹುಟ್ಟಿತು. ಬ್ರೂಮ್ ಈ ಕೆಲಸಕ್ಕಾಗಿ ತಮ್ಮ ಚರ್ಚಿನ ಕೆಲಸ ಬಿಟ್ಟರು. ಸಂಘ ಸಾಲದಲ್ಲಿ ಮುಳುಗಿತು. ಸಾಲಕ್ಕೆ ಹೊಣೆಯಾಗಿದ್ದ ಅವರು 1826ರಲ್ಲಿ ಜೈಲು ಸೇರಿದರು. ಕುದುರೆ, ಕತ್ತೆ, ಎತ್ತುಗಳಿಗಾಗಿ ಜೈಲಿಗೆ ಹೋದ ಪಾದ್ರಿ! ನಮ್ಮ ಸಂಡೇ ಸ್ಕೂಲಿನಲ್ಲಿ ಈ ಕಥೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಘವನ್ನು ಆಗ ಕೈಹಿಡಿದು ನಡೆಸಿದವರು ಲೂಯಿಸ್ ಗೊಂಪರ್ಟ್ಸ್, ಯೆಹೂದಿ. ಕೆಲವು ವರ್ಷಗಳಲ್ಲಿ ಸಂಘವು ತಾನು ಕ್ರೈಸ್ತ ತತ್ವದ ಮೇಲೆ ನಿಂತದ್ದು ಅಂತ ನಿರ್ಣಯ ಮಾಡಿತು, ಅವರು ಹೊರಬರಬೇಕಾಯಿತು. ಬ್ರೂಮ್ ಕಥೆ ಹೇಳುವಾಗ ಇದನ್ನೂ ಹೇಳಲೇಬೇಕು. ಎತ್ತನ್ನು ಕಾಯಹೊರಟವರು ಜೊತೆಗಿದ್ದ ಅಣ್ಣನನ್ನು ಕಾಯಲಿಲ್ಲ.

ಇಥಿಯೋಪಿಯಾದ ಉತ್ತರದ ಎತ್ತರದ ನಾಡಿನಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಕಾಡೆಲ್ಲ ಬೇಸಾಯಕ್ಕೆ, ಮೇವಿಗೆ ಹೋಗಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿದರೆ ಕಂದು ಬಣ್ಣದ ನೆಲದ ಮೇಲೆ ಅಲ್ಲಲ್ಲಿ ಹಸಿರು ಚುಕ್ಕೆಗಳು. ಪ್ರತಿ ಚುಕ್ಕೆಯ ನಡುವೆ ಒಂದು ಗುಂಡನೆಯ ಮಾಡು. ಅದು ಆರ್ಥೊಡಾಕ್ಸ್ ಚರ್ಚು. ಚರ್ಚಿನ ಸುತ್ತ ಕಾಡು ಇರಲೇಬೇಕು ಅಂತ ಅವರ ನಂಬಿಕೆ, ಅದು ಏದೆನ್ ತೋಟದ ಹಾಗೆ. ಆ ನಾಡಿನವರೇ ಆದ ಅರಣ್ಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ ಮತ್ತು ಅಮೆರಿಕದ ಮಾರ್ಗರೆಟ್ ಲೋಮನ್ ಪಾದ್ರಿಗಳ ಜೊತೆ ಕೂತು ಮಾತಾಡಿದರು. ದನ ನುಗ್ಗದ ಹಾಗೆ ಕಾಡಿನ ಸುತ್ತ ಕಲ್ಲಿನ ಗೋಡೆ ಕಟ್ಟಲು ನೆರವಾದರು. ಕಲ್ಲು ಬಂದದ್ದು ರೈತರ ಹೊಲದಿಂದಲೇ. ಹೊಲವೂ ಹಸನಾಯಿತು, ಕಾಡಿಗೂ ಬೇಲಿಯಾಯಿತು.

ನಮ್ಮ ಊರುಗಳಲ್ಲಿ ಇದಕ್ಕೆ ಹೋಲುವುದು ನಾಗಬನ, ಕೊಡಗಿನಲ್ಲಿ ದೇವರಕಾಡು. ಚಿಕ್ಕಂದಿನಲ್ಲಿ ನನಗೆ ನೆರೆಮನೆಯವರ ನಾಗಬನ ನೋಡಿ ಆಸೆಯಾಗುತ್ತಿತ್ತು. ನಮ್ಮ ಚರ್ಚಿಗೆ ಯಾಕೆ ಒಂದು ಬನ ಇಲ್ಲ? ಆಗ ಚರ್ಚಿನ ಅಂಗಳದಲ್ಲಿ ಒಂದು ಮಾವಿನ ಮರವಾದರೂ ಇತ್ತು. ಏಲಂ ನಡೆಯುತ್ತಿದ್ದುದೇ ಅದರ ಅಡಿಯಲ್ಲಿ. ಆರು ವರ್ಷದ ಹಿಂದೆ ಅದನ್ನು ಕಡಿದರು. ಕಾರು ನಿಲ್ಲಿಸಲು ಜಾಗ ಬೇಕು ಅಂತ. ಈಗ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದ್ದಾರೆ. ಮಧ್ಯಾಹ್ನ ಬರಿಗಾಲು ಇಡಲು ಆಗುವುದಿಲ್ಲ. ಕಮಿಟಿಯಲ್ಲಿ ಈ ವಿಷಯ ಬಂದ ದಿನ ನಾನೂ ಅಲ್ಲಿದ್ದೆ, ಮಾತಾಡಲಿಲ್ಲ. ಮುತ್ತಿಗೆಯ ಸಮಯದಲ್ಲೂ ಹಣ್ಣಿನ ಮರ ಕಡಿಯಬೇಡ ಅನ್ನುವ ವಚನ ನನಗೆ ಬಾಯಿಪಾಠ ಇತ್ತು. ಬಾಯಿ ಬಿಡಲಿಲ್ಲ. ಇದು ನನ್ನನ್ನು ಈಗಲೂ ಚುಚ್ಚುತ್ತದೆ.

ಅದಾದ ಮೇಲೆ ನಾನು ಮಾತಾಡಲು ಶುರು ಮಾಡಿದೆ. ಮೊದಲು ಕೋಳಿಯ ವಿಷಯ. ಪ್ರಾಣಿಗಳನ್ನು ಅನಗತ್ಯ ನೋವಾಗುವ ಹಾಗೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರವೇ ಅಪರಾಧ. ಸ್ಕೂಟರಿನ ಹ್ಯಾಂಡಲಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿ ಹೋಗುವುದನ್ನು ನೋಡಿ ನೋಡಿ ನಮಗೆ ಅದು ಕಣ್ಣಿಗೇ ಬೀಳುವುದಿಲ್ಲ. ನಾನು ಕಾಯಿದೆಯ ಮಾತು ಎತ್ತಲಿಲ್ಲ. ಅಜ್ಜ ಕೇಳಿದ ಪ್ರಶ್ನೆಯನ್ನೇ ಕಮಿಟಿಯಲ್ಲಿ ಕೇಳಿದೆ. ದೇವರಿಗೆ ಅಂತ ಕೊಟ್ಟದ್ದಲ್ವಾ, ಹೀಗಾ ಹಿಡಿಯೋದು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ನಿನ್ನ ಅಜ್ಜ ನಮಗೂ ಹೇಳ್ತಿದ್ರು" ಅಂದರು.

ಕಳೆದ ಬೆಳೆ ಹಬ್ಬಕ್ಕೆ ಎರಡು ಕೋಳಿ ಬಂದಿದ್ದವು, ದೊಡ್ಡ ಬುಟ್ಟಿಯಲ್ಲಿ, ಕಾಲು ಬಿಚ್ಚಿ. ಪಕ್ಕದಲ್ಲಿ ಗೆರಟೆಯಲ್ಲಿ ನೀರು. ಬುಟ್ಟಿಯನ್ನು ನೆರಳಲ್ಲಿ ಇಡಬೇಕು ಅಂತ ಜಾಗ ಹುಡುಕಿದರು. ಅಂಗಳದಲ್ಲಿ ನೆರಳೇ ಇರಲಿಲ್ಲ. ಕೊನೆಗೆ ಚರ್ಚಿನ ಒಳಗೇ, ಹಿಂದಿನ ಬೆಂಚಿನ ಹತ್ತಿರ ತಂದಿಟ್ಟರು. ಪ್ರಾರ್ಥನೆಯ ನಡುವೆ ಒಂದು ಕೋಳಿ ಕೊಕ್ಕೊಕ್ಕೊ ಅಂತ ಕೂಗಿತು. ಸಭಾಪಾಲಕರು ಒಂದು ಕ್ಷಣ ನಿಲ್ಲಿಸಿ, ಅದರ ಕೂಗು ಮುಗಿದ ಮೇಲೆ ಮುಂದುವರಿಸಿದರು.

ಆವತ್ತೇ ಏಲಂ ಮುಗಿದ ಮೇಲೆ ಮರದ ಮಾತು ಬಂತು. ಗೇಟಿನ ಪಕ್ಕ ನಾಲ್ಕಡಿ ಜಾಗದ ಇಂಟರ್‌ಲಾಕ್ ತೆಗೆಸಿದೆವು. ಅಡಿಯ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಹಾರೆ ಹಾಕಿ ಅಗೆಯಬೇಕಾಯಿತು. ನಮ್ಮ ಹಟ್ಟಿಯ ಗೊಬ್ಬರ ಹಾಕಿ ಒಂದು ಹಲಸಿನ ಗಿಡ ನೆಟ್ಟೆವು. ಆಡು ಬಾಯಿ ಹಾಕದ ಹಾಗೆ ಮಡಲಿನ ಬೇಲಿ. ಬೇಸಗೆ ಕಳೆಯುವವರೆಗೆ ದಿನಾ ನೀರು ಹಾಕಬೇಕು, ಬೇಲಿ ನೋಡಿಕೊಳ್ಳಬೇಕು. ಅದಕ್ಕೆ ಸಂಡೇ ಸ್ಕೂಲ್ ಮಕ್ಕಳು ಒಂದು ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದಾರೆ, ವಾರಕ್ಕೊಂದು ಮನೆ. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಶೀರ್ಷಿಕೆ: ಗಿಡ ಕಾಯುವವರು. ಈ ವಾರ ನಮ್ಮ ಮನೆಯ ಸರದಿ.